ಹಳೆಯ ಕೆಥೆಡ್ರಲ್ ದುರಸ್ತಿಗೆ ಆನ್‌ಲೈನ್ ದೇಣಿಗೆ: ಕೆಜಿಎಫ್‌ನ ದಾನಿಯೊಬ್ಬರ ವಿಮರ್ಶೆ

ಶತಮಾನ ಕಂಡ ಕೆಥೆಡ್ರಲ್ (ಬಿಷಪ್ಪರ ಪ್ರಧಾನ ಚರ್ಚು) ಒಂದರ ಜೀರ್ಣೋದ್ಧಾರಕ್ಕೆ ಹಣ ಸಂಗ್ರಹಿಸುತ್ತಿರುವ ಆನ್‌ಲೈನ್ ಸೇವೆಯ ಮೂಲಕ ಕೋಲಾರ ಜಿಲ್ಲೆಯ ಕೆಜಿಎಫ್‌ನಲ್ಲಿರುವ ನಮ್ಮ ಕುಟುಂಬ ದೇಣಿಗೆ ಸಲ್ಲಿಸಿದೆ. ಯುಪಿಐ ಪಾವತಿ ಸಲೀಸಾಗಿ ಮುಗಿಯಿತು, ರಸೀದಿಯೂ ತಡವಿಲ್ಲದೆ ಬಂತು. ನನಗೆ ಬಹಳ ಹಿಡಿಸಿದ್ದು ಕಾಮಗಾರಿಯ ವಿವರಣೆ. ಹಿಂದಿನ ದುರಸ್ತಿಯಲ್ಲಿ ಬಳಿದಿದ್ದ ಸಿಮೆಂಟನ್ನು ಕೆತ್ತಿ ತೆಗೆದು ಮತ್ತೆ ಸುಣ್ಣದ ಗಾರೆಯನ್ನೇ ಹಾಕುವುದೇಕೆ, ಗೋಡೆಯೊಳಗಿನ ತೇವ ಸುಣ್ಣದ ಮೂಲಕ ಹೇಗೆ ಹೊರಹೋಗುತ್ತದೆ, ಸಿಮೆಂಟ್ ಅದನ್ನು ಒಳಗೇ ತಡೆದಾಗ ಇಟ್ಟಿಗೆ ಹೇಗೆ ಪುಡಿಯಾಗಿ ಉದುರುತ್ತದೆ ಎಂಬುದನ್ನೆಲ್ಲ, ಬಿಳಿಯ ಉಪ್ಪು ಒಡೆದ ಗೋಡೆಯನ್ನು ಹತ್ತಿರದಿಂದ ತೆಗೆದ ಚಿತ್ರಗಳೊಂದಿಗೆ ತೋರಿಸಿದ್ದಾರೆ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ನಮ್ಮೂರಿನ ಹಳೆಯ ಕಟ್ಟಡಗಳು ಆರೈಕೆಯಿಲ್ಲದೆ ಸೊರಗಿದ್ದನ್ನು ಕಂಡವರಿಗೆ ಇಂಥ ಕಾಳಜಿಯ ಬೆಲೆ ಗೊತ್ತು.

ಆದರೆ ಪಾವತಿ ಪುಟದಲ್ಲಿ ಸೇವಾ ಸಂಸ್ಥೆಗೆ ಸಲ್ಲುವ ‘ಟಿಪ್’ ಮೊದಲೇ ಸೇರಿಕೊಂಡಿರುತ್ತದೆ. ಅದನ್ನು ಸೊನ್ನೆ ಮಾಡಬಹುದೆಂದು ಹಿರಿಯರಿಗೆ ತಿಳಿಯುವುದೇ ಇಲ್ಲ. ಇದು ಖಂಡಿತ ಸರಿಯಲ್ಲ. ತೆರಿಗೆಯ ಮಾಹಿತಿಯೂ ಅರೆಬರೆಯಾಗಿದೆ. ಆದಾಯ ತೆರಿಗೆ ಕಾನೂನಿನ ಪ್ರಕಾರ ಚರ್ಚಿನ ದುರಸ್ತಿಗೆ ಕೊಟ್ಟ ಹಣಕ್ಕೆ ರಿಯಾಯಿತಿ ಸಿಗಬೇಕಾದರೆ ಆ ಕಟ್ಟಡ ಐತಿಹಾಸಿಕ, ಪುರಾತತ್ವ ಅಥವಾ ಕಲಾತ್ಮಕ ಮಹತ್ವದ್ದು, ಇಲ್ಲವೇ ರಾಜ್ಯದಾದ್ಯಂತ ಹೆಸರಾದ ಆರಾಧನಾ ಸ್ಥಳ ಎಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿರಬೇಕು. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಆ ರಿಯಾಯಿತಿ ಸಿಗುವುದಿಲ್ಲ. ಇಷ್ಟನ್ನು ಕನ್ನಡದಲ್ಲಿ ಸ್ಪಷ್ಟವಾಗಿ ಬರೆದರೆ ನಮ್ಮ ಭಾಗದವರು ಇನ್ನಷ್ಟು ಧೈರ್ಯದಿಂದ ಕೊಡುತ್ತಾರೆ.