ಕೋವಿಗೆ ಕ್ಯಾಮೊ ಬಣ್ಣದ ಕಿಟ್ ತರಿಸುವ ಮುಂಚೆ ಇದನ್ನು ಓದಿ

ದಯವಿಟ್ಟು ಆನ್‌ಲೈನ್‌ನಲ್ಲಿ ಸಿಗುವ ಕ್ಯಾಮೊ (ಕಾಡಿನಲ್ಲಿ ಬೆರೆತು ಹೋಗುವಂಥ ಎಲೆ ಚಿತ್ತಾರದ) ಸ್ಪ್ರೇ ಬಣ್ಣದ ಕಿಟ್ ತಂದು ಕೋವಿಯ ಮರದ ಸ್ಟಾಕ್‌ಗೆ, ಅಂದರೆ ಹೆಗಲಿಗೆ ಒತ್ತಿ ಹಿಡಿಯುವ ಮರದ ಭಾಗಕ್ಕೆ, ಹೊಡೆಯಬೇಡಿ. ನಾನು ಹೊಡೆದು ತಾತನ ಕೋವಿ ಹಾಳು ಮಾಡಿದ್ದೇನೆ.

ನಮ್ಮದು ಪಾಯಿಂಟ್ 22 ರೈಫಲ್. ವಾಲ್‌ನಟ್ ಮರದ ಸ್ಟಾಕ್. ವರ್ಷಾನುಗಟ್ಟಲೆ ಅಗಸೆ ಎಣ್ಣೆ ತಿಕ್ಕಿ ತಿಕ್ಕಿ ಜೇನಿನ ಬಣ್ಣಕ್ಕೆ ತಿರುಗಿತ್ತು. ಸೆಪ್ಟೆಂಬರ್ 3ಕ್ಕೆ ನಮ್ಮ ಕೊಡವರ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಅಷ್ಟರಲ್ಲಿ ಹೊಸದಾಗಿ ಕಾಣಲಿ ಅಂತ ಆಸೆಯಾಯಿತು.

ಮಾರುವವನಿಗೆ ಮೊದಲೇ ಕೇಳಿದ್ದೆ, ಎಣ್ಣೆ ಕುಡಿದ ಹಳೇ ಮರ, ಹಿಡಿಯುತ್ತಾ ಅಂತ. "ಮರ, ಪ್ಲಾಸ್ಟಿಕ್, ಕಬ್ಬಿಣ ಎಲ್ಲಕ್ಕೂ ಆಗುತ್ತೆ ಸಾರ್, ಉಜ್ಜೋದೂ ಬೇಡ" ಅಂದ. ನಳಿಗೆಗೂ ಹೊಡೆಯಿರಿ ಅಂದ. ಕೋವಿ ಮೇಲೆ ಕೆತ್ತಿರುವ ನಂಬರ್ ಮುಚ್ಚಿಹೋಗುತ್ತಲ್ಲ ಅಂದರೆ, "ಕೊಡಗಿನವರಿಗೆ ಲೈಸೆನ್ಸೇ ಬೇಡ, ನಂಬರ್ ಯಾಕೆ?" ಅಂತ ಉತ್ತರ! ನಮ್ಮ ಕೊಡವರಿಗಿರುವ ಲೈಸೆನ್ಸ್ ವಿನಾಯಿತಿ 2029ರ ಅಕ್ಟೋಬರ್‌ವರೆಗೆ ಇದೆ, ನಿಜ. ಹಾಗಂತ ಕೋವಿಯ ನಂಬರ್ ಅಳಿಸಿದರೆ ಅದು ಅಪರಾಧವೇ. ಅವನಿಗೆ ಏನೂ ಗೊತ್ತಿಲ್ಲ ಅಂತ ಅಲ್ಲೇ ಅರ್ಥವಾಗಬೇಕಿತ್ತು. ಆದರೂ 2,850 ರೂಪಾಯಿ ಕಳಿಸಿದೆ.

ಸ್ಟಾಕ್ ಬಿಚ್ಚಿ, ಒರೆಸಿ, ಜರಿಗಿಡದ ಎಲೆ ಅಡ್ಡ ಇಟ್ಟು ಹಸಿರು, ಕಂದು, ಕಪ್ಪು ಹೊಡೆದೆ. ಹೊರಗೆ ಧೋ ಅಂತ ಮಳೆ. 20 ನಿಮಿಷಕ್ಕೆ ಒಣಗುತ್ತೆ ಅಂದಿದ್ದ. ಮೂರು ದಿನ ಆದರೂ ಬೆಲ್ಲದ ಪಾಕದ ಹಾಗೆ ಅಂಟು. ಮೇಲೆ ಹೊಡೆದ ಕ್ಲಿಯರ್ ಕೋಟ್ (ಬಣ್ಣವಿಲ್ಲದ ಪದರ) ತೇವಕ್ಕೆ ಬಿಳಿಚಿಕೊಂಡಿತು. ಮ್ಯಾಟ್, ಹೊಳಪಿಲ್ಲದ್ದು, ಅಂದಿದ್ದು ಮಿರಮಿರ ಮಿಂಚುತ್ತಿತ್ತು.

ಡಬ್ಬಿ ಕೈಗೆತ್ತಿಕೊಂಡು ನೋಡಿದೆ. ಲೇಬಲ್‌ನ ಮೂಲೆ ಸ್ವಲ್ಪ ಎದ್ದಿತ್ತು. ಉಗುರಿನಿಂದ ಎಳೆದೆ. ಕೆಳಗೆ ಇನ್ನೊಂದು ಲೇಬಲ್. ಬೈಕ್ ಟಚ್‌ಅಪ್ ಪೇಂಟ್, ಲೋಹಕ್ಕೆ ಮಾತ್ರ. ಕೈ ನಡುಗಿತು. ಮೂರೂ ಡಬ್ಬಿ ಹಾಗೇ. ಎಲೆ ಚಿತ್ರದ ಲೇಬಲ್ ಅಂಟಿಸಿ ನನಗೆ ಮಾರಿದ್ದಾನೆ.

ಫೋಟೋ ಕಳಿಸಿದೆ. ಮೊದಲು "ನೀವು ಸರಿಯಾಗಿ ಕ್ಲೀನ್ ಮಾಡಿಲ್ಲ" ಅಂದ. ಆಮೇಲೆ "ಮಳೆಗಾಲದಲ್ಲಿ ಯಾರು ಪೇಂಟ್ ಹೊಡೀತಾರೆ?" ಲೇಬಲ್ ಫೋಟೋ ಹಾಕಿದ ಮೇಲೆ, "ಒಳಗಿನ ಮಾಲು ಒಂದೇ ಸಾರ್." ಒಂದೇ ಅಂತೆ! ದುಡ್ಡು ವಾಪಸ್ ಕೇಳಿದೆ. "ಸೀಲ್ ಒಡೆದರೆ ರಿಟರ್ನ್ ಇಲ್ಲ." ಸೀಲ್ ಒಡೆಯದೆ ಬಣ್ಣ ಹೊಡೆಯುವುದು ಹೇಗೆ? ಅದಕ್ಕೆ ಉತ್ತರ ಇಲ್ಲ, ಬ್ಲಾಕ್ ಮಾಡಿದ.

ಹಬ್ಬದ ದಿನ ಅಪ್ಪ ನಳಿಗೆಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಲು ಕೋವಿ ಎತ್ತಿಕೊಂಡರು. ಅಂಗೈ ತುಂಬ ಹಸಿರು. ಒಂದು ಮಾತೂ ಆಡಲಿಲ್ಲ, ಪಂಚೆಗೆ ಒರೆಸಿಕೊಂಡು ಪೂಜೆಗೆ ಇಟ್ಟರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಬಣ್ಣ ಹೊಡೆಯಲೇಬೇಕು ಅಂದರೆ ಎಣ್ಣೆ ಪೂರ್ತಿ ತೆಗೆದು, ಉಜ್ಜಿ, ಪ್ರೈಮರ್ ಕೊಟ್ಟು, ಒಣ ಹವೆಯಲ್ಲಿ ಹೊಡೆಯಿರಿ. ಮೊದಲು ಸ್ಟಾಕ್‌ನ ಹಿಂತುದಿಯ ತಗಡು, ಬಟ್ ಪ್ಲೇಟ್, ಬಿಚ್ಚಿ ಅದರಡಿ ಬೆರಳಗಲ ಹೊಡೆದು ನೋಡಿ. ನಂಬರ್ ಹತ್ತಿರ ಸುಳಿಯಲೇಬೇಡಿ. ಹಳೇ ವಾಲ್‌ನಟ್ ಆದರೆ ಮುಟ್ಟಲೇಬೇಡಿ. ಡಬ್ಬಿ ಬಂದ ಕೂಡಲೇ, ಸೀಲ್ ಒಡೆಯುವ ಮೊದಲೇ, ಲೇಬಲ್ ಕೆರೆದು ನೋಡಿ.

ಹಿಡಿಯ ಮೇಲೆ ಜಾರದಿರಲು ಕೆತ್ತಿದ ಗೆರೆಗಳ (ಚೆಕ್ಕರಿಂಗ್) ಸಂದಿಯಲ್ಲಿ ಬಣ್ಣ ಇನ್ನೂ ಕೂತಿದೆ. ದಿನಾ ರಾತ್ರಿ ಹಲ್ಲುಕಡ್ಡಿ ಹಿಡಿದು ಒಂದೊಂದೇ ಗೆರೆ ಬಿಡಿಸುತ್ತಿದ್ದೇನೆ. ಎಡಗಡೆ ಅರ್ಧ ಆಗಿದೆ.