ಕ್ಯಾಂಪರ್ ಪಕ್ಕದ ಗ್ಯಾಸ್ ಒಲೆ: ಮೂರು ಬೇಸಿಗೆ ಬಳಸಿದ ಮೇಲೆ

ಐದಕ್ಕೆ ನಾಲ್ಕು ಸ್ಟಾರ್. ಇಲ್ಲಿ ‘ಉರಿಯೇ ಬರಲ್ಲ’ ಅಂತ ಬೈದು ಒಂದು ಸ್ಟಾರ್ ಕೊಟ್ಟವರ ಸಾಲಿಗೆ ನಾನೂ ಸೇರಬೇಕಿತ್ತು, ಸ್ವಲ್ಪದರಲ್ಲಿ ತಪ್ಪಿತು.

ನಾವಿರೋದು ಮಿಶಿಗನ್‌ನಲ್ಲಿ. ಕ್ಯಾಂಪರ್ ಅಂದರೆ ಗಾಡಿಯ ಹಿಂದೆ ಕಟ್ಟಿ ಎಳೆದೊಯ್ಯುವ, ಮನೆಯಂಥ ಟ್ರೇಲರ್. ಅದರೊಳಗೆ ಒಗ್ಗರಣೆ ಹಾಕಿದರೆ ಹೊಗೆ ಅಲಾರಂ ಕೂಗುತ್ತೆ, ಇಂಗಿನ ವಾಸನೆ ಹಾಸಿಗೆಗೆ ಹತ್ತಿ ವಾರ ಬಿಡಲ್ಲ. ಅದಕ್ಕೇ ಹೊರಗೆ ಅಡುಗೆ. ಮೊದಲು, ಒಂದು ಪೌಂಡಿನ ಪುಟ್ಟ ಸಿಲಿಂಡರಿಗೆ ಸಿಕ್ಕಿಸುವ ನಮ್ಮ ಹಳೇ ಒಲೆಯನ್ನೇ ಅಡಾಪ್ಟರ್ ಹಾಕಿ ಟ್ರೇಲರ್ ಪಕ್ಕದ ಗ್ಯಾಸ್ ಪಾಯಿಂಟಿಗೆ ಜೋಡಿಸಿದೆ. ಉರಿ ಬಂತು, ಹಣತೆಯಷ್ಟು. ಕಾವಲಿ ಕಾಯಲೇ ಇಲ್ಲ, ಹಿಟ್ಟು ಮುಚ್ಚಿಟ್ಟು ಬ್ರೆಡ್ ತಿಂದು ಮಲಗಿದೆವು. ಬೆಳಿಗ್ಗೆ ಸಿಲಿಂಡರ್ ಬದಲಿಸಿದೆ, ಜಾಯಿಂಟುಗಳಿಗೆ ಸೋಪಿನ ನೊರೆ ಹಚ್ಚಿ ನೋಡಿದೆ. ಒಂದು ಗುಳ್ಳೆಯೂ ಇಲ್ಲ.

ತೊಂದರೆ ಇದ್ದದ್ದು ರೆಗ್ಯುಲೇಟರಿನಲ್ಲಿ. ಬಿಸಿಲಿನ ದಿನ ಸಿಲಿಂಡರಿನೊಳಗೆ ಒತ್ತಡ 100 ಪಿಎಸ್‌ಐ (ಒಂದು ಚದರ ಇಂಚಿಗೆ ಇಷ್ಟು ಪೌಂಡ್ ಅನ್ನುವ ಅಳತೆ) ದಾಟಿರುತ್ತೆ. ಟ್ರೇಲರ್ ಮುಂದಿನ ರೆಗ್ಯುಲೇಟರ್ ಅದನ್ನು 11 ಇಂಚು ಎತ್ತರ ನಿಂತ ನೀರಿನಷ್ಟು ಒತ್ತಡಕ್ಕೆ, ಅಂದರೆ ಅರ್ಧ ಪಿಎಸ್‌ಐಗಿಂತ ಕೆಳಕ್ಕೆ ಇಳಿಸಿಯೇ ಪಕ್ಕದ ಪಾಯಿಂಟಿಗೆ ಕಳಿಸುತ್ತೆ. ಹಳೇ ಒಲೆಯಲ್ಲಿ ತನ್ನದೇ ಇನ್ನೊಂದು ರೆಗ್ಯುಲೇಟರ್ ಇತ್ತು. ಒಮ್ಮೆ ಇಳಿಸಿದ ಪುಡಿಗೇ ಮತ್ತೆ ನೀರು ಹೊಯ್ದ ಡಿಕಾಕ್ಷನ್ ಥರ!

ಈ ಒಲೆ ಆ ಕಡಿಮೆ ಒತ್ತಡಕ್ಕೆಂದೇ ಮಾಡಿದ್ದು, ರೆಗ್ಯುಲೇಟರ್ ಇಲ್ಲ. ಜೋಡಿಸಿದ ದಿನವೇ ನೀಲಿ ಉರಿ, ಚುಂಯ್ ಅನ್ನುವ ದೋಸೆ. (ಇದನ್ನು ನೇರವಾಗಿ ಸಿಲಿಂಡರಿಗೆ ಮಾತ್ರ ಜೋಡಿಸಬೇಡಿ.)

ಎರಡನೇ ವರ್ಷ ಮತ್ತೆ ಅದೇ ಹಣತೆ. ಈ ಸಲ ತಪ್ಪು ನನ್ನ ಕೈಯದು. ಸಿಲಿಂಡರ್ ವಾಲ್ವನ್ನು ಒಂದೇ ಏಟಿಗೆ ತಿರುವಿದ್ದೆ. ಗ್ಯಾಸ್ ಒಮ್ಮೆಲೇ ನುಗ್ಗಿದರೆ ಪೈಪ್ ಒಡೆದಿದೆ ಅಂದುಕೊಂಡು ಸಿಲಿಂಡರಿಗೆ ಸಿಕ್ಕಿಸುವ ಕನೆಕ್ಟರ್ ಒಳಗಿನ ಸುರಕ್ಷತಾ ವಾಲ್ವ್ ಮುಚ್ಚಿಕೊಳ್ಳುತ್ತೆ, ಸಣ್ಣ ಹರಿವಷ್ಟೇ ಉಳಿಯುತ್ತೆ. ಒಲೆ, ಸಿಲಿಂಡರ್ ಎರಡೂ ಬಂದ್ ಮಾಡಿ, ಐದು ನಿಮಿಷ ಬಿಟ್ಟು, ಮೆಲ್ಲಗೆ ತೆರೆದೆ. ಸರಿಹೋಯ್ತು.

ಈ ವಸಂತದಲ್ಲಿ ಎಡಗಡೆ ಬರ್ನರ್ ಹಳದಿ ಉರಿಯಿತು. ಬಿಚ್ಚಿದರೆ ಕೊಳವೆಯೊಳಗೆ ಜೇಡರ ಬಲೆ, ಚಳಿಗಾಲದ ಬಾಡಿಗೆದಾರ. ಬಾಟಲಿ ಬ್ರಷ್‌ನಲ್ಲಿ ಎಳೆದು ತೆಗೆದೆ.

ಒಂದು ಸ್ಟಾರ್ ಕಳೆದದ್ದು ಬೇರೆ ಕಾರಣಕ್ಕೆ. ಉರಿ ಎಷ್ಟು ಸಣ್ಣ ಮಾಡಿದರೂ ಅನ್ನ ತಳ ಹಿಡಿಯುತ್ತೆ, ಗಾಳಿತಡೆ ತಗಡು ತೀರಾ ತೆಳು. ಕಿಡಿ ಹೊತ್ತಿಸುವ ಬಟನ್ ಎರಡನೇ ಬೇಸಿಗೆಗೇ ಸತ್ತಿತು. ಈಗ ಮೈಸೂರಿಂದ ಅಮ್ಮ ಕಳಿಸಿದ ಉದ್ದ ಮೂತಿಯ ಲೈಟರ್ ಬಳಸ್ತಿದ್ದೀನಿ. ಟಕ್ ಅಂದರೆ ಹತ್ತುತ್ತೆ.