ಟ್ರ್ಯಾಕ್ ಕಾಯುವುದಿಲ್ಲ, ಇಲಿ ಬಿಡುವುದಿಲ್ಲ

ಒಂದನೇ ಕ್ಲಾಸಿನ 22 ಮಕ್ಕಳ ಕೈಲಿ ಸಂಗೀತ ನಾಟಕ ಮಾಡಿಸಲು ಒಂದು ರೆಡಿಮೇಡ್ ಕಿಟ್ ತರಿಸಿದ್ದೆ. ಸ್ಕ್ರಿಪ್ಟ್, ಆರು ಹಾಡು, ಕರೋಕೆ ಟ್ರ್ಯಾಕ್, ರಟ್ಟಿನ ಮುಖವಾಡ ಎಲ್ಲಾ ಅದರಲ್ಲೇ ಇವೆ. ಕಥೆ ರಷ್ಯಾದ್ದು. ಅಜ್ಜ ನೆಟ್ಟ ಟರ್ನಿಪ್ (ಮೂಲಂಗಿಯಂಥ ಗೆಡ್ಡೆ) ಎಷ್ಟು ಜಗ್ಗಿದರೂ ಕಿತ್ತು ಬರುವುದಿಲ್ಲ. ಅಜ್ಜಿ, ಮೊಮ್ಮಗಳು, ನಾಯಿ, ಬೆಕ್ಕು ಒಬ್ಬರ ಹಿಂದೆ ಒಬ್ಬರು ಸೇರುತ್ತಾರೆ. ಕೊನೆಗೆ ಇಲಿ ಕೈ ಹಾಕಿದ ಮೇಲೇ ಅದು ಹೊರಗೆ ಬರುವುದು.

ಈ ವಯಸ್ಸಿಗೆ ಹೇಳಿ ಮಾಡಿಸಿದ ಕಥೆ. ಯಾರು ಬಂದರೂ ಅದೇ ಹಾಡು, ಒಂದು ಹೆಸರು ಜಾಸ್ತಿ, ಅಷ್ಟೆ. ಎರಡನೇ ದಿನಕ್ಕೇ 'ಹಿಡಿ, ಜಗ್ಗು, ಐಸಾ' ಎಲ್ಲರ ಬಾಯಲ್ಲೂ ಇತ್ತು. ಸ್ಕ್ರಿಪ್ಟಿಗಾಗಿಯೇ ಈ ಕಿಟ್ ಕೊಳ್ಳಬಹುದು.

ಟ್ರ್ಯಾಕ್ ಮಾತ್ರ ಬೇಡ. ಶ್ರುತಿ ದೊಡ್ಡವರ ಗಂಟಲಿಗೆ ಇಟ್ಟಿದ್ದು. ಮೂರನೇ ಹಾಡಿನಲ್ಲಿ ಮಕ್ಕಳು ಹಾಡುತ್ತಿರಲಿಲ್ಲ, ಗೊಣಗುತ್ತಿದ್ದರು. ಆಪ್‌ನಲ್ಲಿ ಶ್ರುತಿ ಏರಿಸಿದ ಮೇಲೆ ದನಿ ಬಂತು. ಆದರೆ ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲವಲ್ಲ! ನಾಲ್ಕು ಎಣಿಸುವಷ್ಟರಲ್ಲಿ ಹಾಡು ಶುರು. ನಮ್ಮ ನಾಯಿ ಇನ್ನೂ ಬಾಲ ಹುಡುಕುತ್ತಿರುತ್ತಾನೆ. ಕೊನೆಗೆ ನಾನೇ ಕೀಬೋರ್ಡ್ ಮುಂದೆ ಕೂತೆ. ಯಾರಾದರೂ ತಡ ಮಾಡಿದರೆ ಎರಡೇ ಸ್ವರ ಸುತ್ತುತ್ತಾ ಇರುತ್ತಿದ್ದೆ.

ಮುಖವಾಡ ಬಾಯಿ ಮುಚ್ಚುತ್ತದೆ. ಹಾಡುವ ಮಗುವಿನ ಬಾಯಿ ಮುಚ್ಚುವುದು ಯಾರ ಐಡಿಯಾವೋ! ಮೂಗಿನ ಕೆಳಗೆ ಕತ್ತರಿಸಿ, ಉಳಿದದ್ದನ್ನು ಹೇರ್‌ಬ್ಯಾಂಡಿಗೆ ಅಂಟಿಸಿದೆವು.

ಇನ್ನೊಂದು ತಕರಾರು. ಪಾತ್ರ ಇರುವುದು ಆರೇ. ಉಳಿದ 16 ಮಕ್ಕಳು ಪಕ್ಕದಲ್ಲಿ ನಿಂತು ಕೋರಸ್ ಹಾಡಬೇಕಂತೆ. ಆರು ವರ್ಷದವರು ಸುಮ್ನೆ ನಿಲ್ಲುತ್ತಾರಾ? ಇದೇ ಕಥೆಯನ್ನು 19ನೇ ಶತಮಾನದಲ್ಲಿ ರಷ್ಯಾದ ಜನಪದ ಕಥೆ ಸಂಗ್ರಹಕಾರ ಅಫನಾಸ್ಯೆವ್ ಪ್ರಕಟಿಸಿದ ರೂಪದಲ್ಲಿ ಬೆಕ್ಕು, ಇಲಿ ಇಲ್ಲವೇ ಇಲ್ಲ. ನಾಯಿಮರಿಯ ನಂತರ ಒಂದು ಕಾಲು ಬರುತ್ತದೆ! ಆಮೇಲೆ ಇನ್ನೊಂದು, ಹೀಗೆ ಐದು ಕಾಲು. ಯಾರ ಕಾಲು ಅಂತ ಕಥೆ ಹೇಳುವುದೇ ಇಲ್ಲ. ಅದನ್ನು ನಮ್ಮ ನಾಟಕಕ್ಕೆ ಎತ್ತಿಕೊಂಡೆ. ಮೂರು ಮೂರು ಮಕ್ಕಳು ಸೇರಿ ಒಂದೊಂದು ಕಾಲಾದರು, ಕುಂಟುತ್ತಾ ಬಂದರು. ಉಳಿದವಳೊಬ್ಬಳು ಟರ್ನಿಪ್.

ಸ್ಕ್ರಿಪ್ಟಿನ ಕೊನೆಯಲ್ಲಿ 'ಎಲ್ಲರೂ ಬೀಳುತ್ತಾರೆ' ಅಂತ ಒಂದೇ ಸಾಲು ಬರೆದು ಕೈ ತೊಳೆದುಕೊಂಡಿದ್ದಾರೆ. ನಮಗೆ ಜಾಸ್ತಿ ಹೊತ್ತು ಹಿಡಿದಿದ್ದು ಅದೇ. ಮೊದಲು ಕುಕ್ಕರಗಾಲು, ಆಮೇಲೆ ಕೂರುವುದು, ಆಮೇಲೆ ಹಿಂದಕ್ಕೆ ಒರಗುವುದು. ಒಂದು ವಾರ ಬೀಳುವುದನ್ನೇ ಕಲಿಸಿದೆ.

ನಾಟಕದ ದಿನ ಐದನೇ ಕಾಲು ಬರುವಷ್ಟರಲ್ಲಿ ಟರ್ನಿಪ್ಪಿಗೆ ತಾಳ್ಮೆ ತಪ್ಪಿತು. ತಾನಾಗಿಯೇ ಎದ್ದು ಹೊರಗೆ ಬಂದಳು. ಪರದೆಯ ಹಿಂದಿಂದ ಇಲಿ ಓಡಿ ಬಂದು, "ಒಳಗೆ ಹೋಗೇ, ನಾನಿನ್ನೂ ಜಗ್ಗೇ ಇಲ್ಲ!" ಅಂತ ಅವಳನ್ನು ವಾಪಸ್ ಕೂರಿಸಿತು. ನಾನು ಅವೇ ಎರಡು ಸ್ವರ ಸುತ್ತುತ್ತಾ ಕಾದೆ.